ಸಣ್ಣ ಮನೆಯೊಡೆಯನ ಬಾಡಿಗೆ ವ್ಯವಹಾರ

ಅರ್ಥಶಾಸ್ತ್ರದ ತರಗತಿಯಲ್ಲಿ ರಿಕಾರ್ಡೊವಿನ ಗೇಣಿ ಸಿದ್ಧಾಂತವನ್ನು ಬೋಧಿಸಿದ ದಿನ ನನ್ನ ಮನಸ್ಸು ಪೂರ್ಣವಾಗಿ ಪಾಠದ ಮೇಲೆ ನಿಲ್ಲಲಿಲ್ಲವೆಂಬುದನ್ನು ಗುರುಗಳು ಕ್ಷಮಿಸಬೇಕು. ಡೇವಿಡ್ ರಿಕಾರ್ಡೊ 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಂದಿಗೂ ಸವೆಯದ ಭೂಗುಣವನ್ನು ಬಳಸಿಕೊಂಡುದಕ್ಕಾಗಿ ಭೂಮಿಯ ಒಡೆಯನಿಗೆ ಸಲ್ಲುವ ಪಾಲೇ ಗೇಣಿ ಎಂಬ ಅರ್ಥ ಬರುವಂತೆ ಹೇಳಿದ್ದಾನೆ. ಒಡೆಯನು ಅದಕ್ಕಾಗಿ ದುಡಿಯಬೇಕಾಗಿಲ್ಲ, ಕುಳಿತಲ್ಲಿಗೇ ಬರುತ್ತದೆ. ಈ ಮಾತು ಬಂದಾಗ ನನ್ನ ಪಕ್ಕದ ಮಿತ್ರನು ನನ್ನ ಕಡೆ ತಿರುಗಿ ನಕ್ಕನು. ನಮ್ಮ ಮನೆಯ ಹಿಂದೆ ಎರಡು ಬಾಡಿಗೆ ಮನೆಗಳಿರುವುದು ಅವನಿಗೆ ಗೊತ್ತು. ಅವನ ಲೆಕ್ಕದಲ್ಲಿ ನಾನು ಜಮೀನ್ದಾರನ ಮಗ!

ಮಿತ್ರನು ರಿಕಾರ್ಡೊವನ್ನು ಅರ್ಧವಷ್ಟೇ ಓದಿದ್ದನು. ಭೂಮಿಗೆ ಸಲ್ಲುವ ಗೇಣಿಯೇ ಬೇರೆ, ಆ ಭೂಮಿಯ ಮೇಲೆ ಕಟ್ಟಿದ ಕಟ್ಟಡಕ್ಕೆ ಹಾಕಿದ ಬಂಡವಾಳದ ಪ್ರತಿಫಲವೇ ಬೇರೆ ಎಂಬುದನ್ನು ರಿಕಾರ್ಡೊ ತಾನೇ ವಿಂಗಡಿಸಿದ್ದಾನೆ. ಭೂಗುಣ ಸವೆಯದಿರಬಹುದು, ತಾರಸಿ ಸವೆಯುತ್ತದೆ, ಬಿರುಕು ಬಿಡುತ್ತದೆ, ಸೋರುತ್ತದೆ. ಸಣ್ಣ ಮನೆಯೊಡೆಯನ ಕಷ್ಟಗಳೆಲ್ಲವೂ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ನನ್ನ ತಂದೆಯವರು ಚಿತ್ರದುರ್ಗದಲ್ಲಿ ಗಾರೆ ಕೆಲಸ ಮಾಡುವವರು. ಅವರು ಕಟ್ಟಿದ ಮನೆಗಳು ಊರಿನಲ್ಲಿ ಹಲವು. ತಮಗಾಗಿ ಕಟ್ಟಿಕೊಂಡವು ಮೂರು. ಒಂದರಲ್ಲಿ ನಾವಿದ್ದೇವೆ. ಉಳಿದೆರಡು ಅದೇ ಅಂಗಳದ ಹಿಂಭಾಗದಲ್ಲಿವೆ: ಒಂದು ನಡುಮನೆ, ಒಂದು ಅಡಿಗೆಮನೆ, ಒಂದು ಬಚ್ಚಲು. ಭಾನುವಾರಗಳಂದು, ಕೂಲಿಯಿಲ್ಲದ ದಿನಗಳಂದು ಅವರೂ ನಮ್ಮ ತಾಯಿಯವರೂ ಸೇರಿ ಒಂಬತ್ತು ವರ್ಷ ಎಳೆದು ಮುಗಿಸಿದ ಮನೆಗಳು ಅವು. ತಲಾ ನಾಲ್ಕು ಸಾವಿರ ರೂಪಾಯಿ ಬಾಡಿಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಹತ್ತಿದ್ದು ಆ ಬಾಡಿಗೆಯ ಬಲದಿಂದ.

ಇಂತಹ ಮನೆಯೊಡೆಯರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮೇಲಿನ ಮಹಡಿಯನ್ನು ಕೊಟ್ಟ ನಿವೃತ್ತ ಉಪಾಧ್ಯಾಯರು, ಬೀದಿಯ ಕಡೆಯ ಕೋಣೆಯನ್ನು ಅಂಗಡಿಗೆ ಕೊಟ್ಟು ಒಳಗಿನದರಲ್ಲಿ ಬದುಕುವ ವಿಧವೆ, ಅಣ್ಣನ ಪಾಲನ್ನು ಬಾಡಿಗೆಗೆ ಕೊಟ್ಟು ಕಾಯುತ್ತಿರುವ ತಮ್ಮ. ಆದರೆ ಬಾಡಿಗೆಯ ಶಾಸನಗಳು ಹುಟ್ಟಿದ್ದು ಇವರನ್ನು ಕಂಡು ಅಲ್ಲ. ಮಹಾಯುದ್ಧದ ಕಾಲದಲ್ಲಿಯೂ ಅದರ ತರುವಾಯವೂ ಪಟ್ಟಣಗಳಲ್ಲಿ ಮನೆಗಳ ಅಭಾವ ತಲೆದೋರಿ, ಬಾಡಿಗೆದಾರನನ್ನು ಮನಬಂದಂತೆ ಹೊರಹಾಕುವುದನ್ನು ತಡೆಯುವುದು ಅವಶ್ಯವಾಯಿತು. ಮೈಸೂರು ರಾಜ್ಯದಲ್ಲಿ 1951ರ ಕಾಯಿದೆ, ಅನಂತರ 1961ರ ಬಾಡಿಗೆ ನಿಯಂತ್ರಣ ಕಾಯಿದೆ, ಅದರ ಸ್ಥಾನದಲ್ಲಿ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ - ಇದು ಅವುಗಳ ವಂಶಾವಳಿ. ಈ ಕೊನೆಯ ಕಾಯಿದೆಯ ಲೆಕ್ಕದ ಪ್ರಕಾರ ಬರುವ ಬಾಡಿಗೆಯು ಅದರ ಅನುಸೂಚಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಯನ್ನೂ, ಉಳಿದೆಡೆ 2,000 ರೂಪಾಯಿಯನ್ನೂ ಮೀರಿದರೆ ಆ ಮನೆಗೆ ಕಾಯಿದೆ ಅನ್ವಯಿಸದು. ನಮ್ಮ ಮನೆಗಳು ಅದರ ಹೊರಗೇ ಉಳಿಯುತ್ತವೆಂದು ನಮ್ಮ ಬೀದಿಯ ವಕೀಲರೊಬ್ಬರು ಹೇಳಿದರು. ಹಾಗಾದರೆ ನಮ್ಮನ್ನು ಆಳುವುದು ಯಾವುದು? 1882ರ ಸ್ವತ್ತು ವರ್ಗಾವಣೆ ಕಾಯಿದೆ! ನನ್ನ ತಂದೆಗೂ ಹಿಂದಿನ ಮನೆಯ ಬಾಡಿಗೆದಾರರಿಗೂ ನಡುವೆ ಬಂದ ಜಗಳವನ್ನು ವಿಕ್ಟೋರಿಯಾ ರಾಣಿಯ ಕಾಲದ ಪುಸ್ತಕವೊಂದು ಬಗೆಹರಿಸಬಲ್ಲುದೆಂದು ನಾನು ಎಣಿಸಿರಲಿಲ್ಲ.

ಆ ಜಗಳವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬಾಡಿಗೆದಾರರು ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಅವರ ಮನೆಯವರು ಹೊಲಿಗೆ ಹೊಲಿಯುತ್ತಿದ್ದರು. ನನ್ನ ತಂದೆಗೆ ಅವರು 'ಅಣ್ಣ' ಎನ್ನುವರು, ತಂದೆ ಅವರಿಗೆ 'ತಮ್ಮ' ಎನ್ನುವರು, ನಾನು ಆ ಹೊಲಿಗೆಯವರಿಗೆ 'ಅಕ್ಕ' ಎನ್ನುವೆನು. ಹಬ್ಬಕ್ಕೆ ಹೋಳಿಗೆ ಅತ್ತಿಂದಿತ್ತ ಹೋಗುತ್ತಿತ್ತು. ಹೀಗೆ ಕರೆದುಕೊಳ್ಳುವವರ ನಡುವೆ ಕರಾರುಪತ್ರವೇಕೆ, ರಸೀತಿಯೇಕೆ? ಕೇಳಿದವನೇ ಸಣ್ಣವನಾಗುತ್ತಾನೆ. ನಾಲ್ಕು ವರ್ಷಗಳ ಬಾಡಿಗೆ ಒಂದು ಚೂರು ಕಾಗದವಿಲ್ಲದೆ ನಡೆಯಿತು.

ಅವರ ತಾರಸಿ ಸೋರುತ್ತಿತ್ತು. ಮಳೆ ಕಡಿಮೆಯಾದ ನಮ್ಮ ಊರಿನಲ್ಲಿ ಸೋರಿಕೆಯನ್ನು ಮರೆಯುವುದು ಸುಲಭ. ನಾಲ್ಕು ದಿನ ಸುರಿದು ನಿಂತರೆ ಎಲ್ಲರಿಗೂ ಸಮಾಧಾನ. 'ಅಣ್ಣಾ, ಮೂಲೆಗೆ ನೀರಿಳೀತೈತೆ' ಎಂದು ಅವರು ಹೇಳಿದಾಗಲೆಲ್ಲ ತಂದೆಯವರು 'ಈ ಭಾನುವಾರ ನೋಡ್ತೀನಿ ತಮ್ಮ' ಎನ್ನುತ್ತಿದ್ದರು. ಮಳೆಗಾಲವೆಂದರೆ ಊರಿನವರ ತಾರಸಿಗಳೆಲ್ಲ ನನ್ನ ತಂದೆಯನ್ನು ಕರೆಯುವ ಕಾಲ. ಕೂಲಿ ಕೊಡುವವರ ತಾರಸಿಯನ್ನು ಬಿಟ್ಟು ತನ್ನ ತಾರಸಿಗೆ ಅವರು ಯಾವಾಗ ಬರಬೇಕು? ಎರಡು ಮಳೆಗಾಲ ಕಳೆದವು. ಹೋದ ವರ್ಷ ಅಕ್ಕನ ಹೊಲಿಗೆ ಯಂತ್ರದ ಮೇಲೆ, ಯಾರೋ ಕೊಟ್ಟ ಮದುವೆಯ ರವಿಕೆ ಬಟ್ಟೆಗಳ ಮೇಲೆ ನೀರು ಬಿತ್ತು. ಮರುವಾರ ತಂದೆಯವರು ಕೆಲಸದಿಂದ ಬರುವಾಗ ನಮ್ಮ ತಾರಸಿಯ ಮೇಲೆ ಬೇರೊಬ್ಬ ಮೇಸ್ತ್ರಿ ಕರಣೆ ಹಿಡಿದು ಕುಳಿತಿದ್ದನು.

ಬಾಡಿಗೆ ಮೂರು ತಿಂಗಳು ನಿಂತದ್ದು ಆ ಮೇಲೆ. ಆದರೆ ತಂದೆಯವರ ಕೋಪವು ಹನ್ನೆರಡು ಸಾವಿರದ ಕೋಪವಾಗಿರಲಿಲ್ಲ. ಆ ಕರಣೆಯ ಕೋಪವಾಗಿತ್ತು. ಮಾತು ಬೆಳೆಯಿತು. 'ಮನೆ ಖಾಲಿ ಮಾಡು' ಎಂದು ಇವರು, 'ನನ್ನ ಅಡ್ವಾನ್ಸು ಇಪ್ಪತ್ತೈದು ಸಾವಿರ ಇಟ್ಟರೆ ಈಗಲೇ ಹೋಗ್ತೀನಿ' ಎಂದು ಅವರು. ತಂದೆಯವರ ನೆನಪಿನಲ್ಲಿ ಮುಂಗಡ ಇಪ್ಪತ್ತೇ ಸಾವಿರ. ನಲ್ಲಿ ಇರುವುದು ನಮ್ಮ ಅಂಗಳದಲ್ಲಿ. ಅದಕ್ಕೊಂದು ಬೀಗ ಹಾಕಿದರೆ ಎರಡು ದಿನದಲ್ಲಿ ಹೋಗುತ್ತಾರೆಂದು ಬೀದಿಯ ಹಿರಿಯರಿಬ್ಬರು ಸಲಹೆ ಕೊಟ್ಟರು. ನನ್ನ ತಂದೆ ಕೆಟ್ಟವರಲ್ಲ. ಆದರೂ ಆ ರಾತ್ರಿ ಬೀಗ ಹುಡುಕಿದರು.

ನಾನು ಮೇಲೆ ಹೇಳಿದ ವಕೀಲರ ಮನೆಗೆ ಹೋದೆನು. ಅವರ ಹಿತ್ತಿಲ ಗೋಡೆ ತಂದೆಯವರು ಕಟ್ಟಿದ್ದು. ಆ ದಾಕ್ಷಿಣ್ಯದಿಂದ ಒಂದು ಗಂಟೆ ಕೂರಿಸಿಕೊಂಡು ಹೇಳಿದರು. ನನಗೆ ಅತ್ಯಂತ ಆಶ್ಚರ್ಯ ತಂದದ್ದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮು. ಕಾನೂನಿನ ಮಾರ್ಗವನ್ನು ಬಿಟ್ಟು ಒಬ್ಬನನ್ನು ಸ್ಥಿರ ಸ್ವತ್ತಿನಿಂದ ಹೊರಹಾಕಿದರೆ, ಅವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಹೊರಹಾಕಿದವನೇ ಮನೆಯ ಮಾಲೀಕನೆಂಬುದು ಅಲ್ಲಿ ಉತ್ತರವಾಗದು! ಅಂದರೆ ಬೀಗ ಹಾಕಿದ ಮನೆಯೊಡೆಯನು ತನ್ನ ಬೀಗವನ್ನು ತಾನೇ ತೆಗೆಯಬೇಕಾದೀತು. ಜೊತೆಗೆ ಬಾಕಿಯ ವಿಷಯದಲ್ಲಿ ಅವನಿಗಿದ್ದ ನ್ಯಾಯವೂ ಹಿಂದೆ ಬೀಳುತ್ತದೆ.

ಸರಿಯಾದ ಮಾರ್ಗವೂ ಬಹಳ ದುರ್ಗಮವಾದುದಲ್ಲ. ತಿಂಗಳ ಬಾಡಿಗೆಯ ಮನೆಯಾದರೆ, ಬೇರೆ ಕರಾರಿಲ್ಲದಾಗ, 1882ರ ಕಾಯಿದೆಯ 106ನೆಯ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟೀಸು ಸಾಕು. ಹಿಂದೆ ಈ ಹದಿನೈದು ದಿನ ಬಾಡಿಗೆಯ ತಿಂಗಳ ಕೊನೆಗೆ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನದ ತಪ್ಪಿಗೆ ದಾವೆ ಬಿದ್ದುಹೋಗುತ್ತಿತ್ತಂತೆ. 2002ರ ತಿದ್ದುಪಡಿ ಆ ಕಾಟವನ್ನು ತಪ್ಪಿಸಿತು. ನೋಟೀಸಿಗೆ ಬಗ್ಗದಿದ್ದರೆ ನ್ಯಾಯಾಲಯ. ಅಲ್ಲಿ ಕಾಲ ಹಿಡಿಯುವುದೇನೋ ನಿಜ. ಬಾಡಿಗೆ ಬಾಕಿಯನ್ನು ವಸೂಲು ಮಾಡಲು ಮೂರು ವರ್ಷಗಳ ಕಾಲಮಿತಿಯುಂಟು.

ಇಷ್ಟನ್ನು ಕೇಳಿ ಮನೆಗೆ ಹೊರಟಿದ್ದರೆ ನಾನು ತಂದೆಯ ವಕೀಲನಾಗಿಯೇ ಹಿಂದಿರುಗುತ್ತಿದ್ದೆನು. ಆದರೆ ಆ ಮಹನೀಯರು ಪುಟ ತಿರುಗಿಸಿ 108ನೆಯ ಕಲಮನ್ನೂ ಓದಿಸಿದರು. ಒಡೆಯನು ಮಾಡಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಯುಕ್ತ ಕಾಲದಲ್ಲಿ ಮಾಡದೆ ಹೋದರೆ, ಬಾಡಿಗೆದಾರನು ತಾನೇ ಅದನ್ನು ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ತಾರಸಿಯ ಮೇಲೆ ಕುಳಿತ ಮೇಸ್ತ್ರಿಗೆ ಕಾನೂನಿನ ಅಪ್ಪಣೆಯಿತ್ತು! ಆದರೆ ಹಿಡಿದುಕೊಳ್ಳಬಹುದಾದದ್ದು ಖರ್ಚು ಮಾತ್ರ, ಮೂರು ತಿಂಗಳ ಇಡೀ ಬಾಡಿಗೆಯಲ್ಲ. ಅಲ್ಲಿಗೆ ಇಬ್ಬರೂ ಅರ್ಧರ್ಧ ತಪ್ಪಿದ್ದರು. ಅದೇ ಕಲಮು ಬಾಡಿಗೆದಾರನಿಗೂ ಹೊಣೆ ಹೊರಿಸುತ್ತದೆ: ಸಹಜವಾದ ಸವೆತವನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಅವನು ಒಪ್ಪಿಸಬೇಕು. ಪಡೆದ ದಿನ ಸ್ಥಿತಿ ಹೇಗಿತ್ತೆಂದು ಯಾರೂ ಬರೆದಿಡದಿದ್ದರೆ ಈ ಮಾತಿಗೆ ಬೆಲೆಯೇನು?

ಉಳಿದದ್ದು ಮುಂಗಡದ ಐದು ಸಾವಿರ. ಇದರ ವಿಷಯ ಬರೆಯಲು ನನಗೆ ಸಂಕೋಚವಿದೆ. ನಾನು ಈ ಕಾಲೇಜಿಗೆ ಸೇರಿದ ಜೂನ್ ತಿಂಗಳಲ್ಲಿ ತಂದೆಯವರು ಬಾಡಿಗೆಯನ್ನು ಮೂರೂವರೆ ಸಾವಿರದಿಂದ ನಾಲ್ಕಕ್ಕೆ ಏರಿಸಿದರು. ಅದೇ ವಾರ ಬಾಡಿಗೆದಾರರು ಐದು ಸಾವಿರ ಕೊಟ್ಟು, 'ಅಡ್ವಾನ್ಸಿಗೆ ಸೇರಿಸ್ಕೊಳ್ಳಿ ಅಣ್ಣ' ಎಂದರು. ನೋಟುಗಳನ್ನು ಅವರ ಹೊಸ್ತಿಲಲ್ಲಿ ಎಣಿಸಿಕೊಂಡವನು ನಾನು. ಅದರಲ್ಲಿ ನನ್ನ ಪ್ರವೇಶ ಶುಲ್ಕ, ಪುಸ್ತಕ, ಒಂದು ಹಳೆಯ ಸೈಕಲ್ಲು ಬಂದವು. ತಂದೆಯವರು ಸುಳ್ಳು ಹೇಳುತ್ತಿರಲಿಲ್ಲ. ಬಂದ ದಿನವೇ ಖರ್ಚಾದ ಹಣ ಅವರ ನೆನಪಿನಲ್ಲಿ ಮುಂಗಡವಾಗಿ ಉಳಿದಿರಲಿಲ್ಲ, ಅಷ್ಟೆ. ಮೂರು ದಿನ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಪೆಟ್ಟಿಗೆಯಿಂದ ಕಾಲೇಜಿನ ಶುಲ್ಕದ ರಸೀತಿಯನ್ನು ತೆಗೆದು ತಂದೆಯ ಮುಂದಿಟ್ಟೆನು. ನಮ್ಮ ಮನೆಯಲ್ಲಿ ತಾರೀಖು ಇದ್ದ ಕಾಗದ ಅದೊಂದೇ. ಅವರು ಬಹಳ ಹೊತ್ತು ಅದನ್ನು ನೋಡಿ, 'ಹಂಗಾರೆ ಕೊಡಬೇಕು' ಎಂದರು.

ಲೆಕ್ಕ ಹೀಗೆ ನಿಂತಿತು. ಬಾಕಿ ಹನ್ನೆರಡು ಸಾವಿರ. ಸಿಮೆಂಟು, ಕೂಲಿ ಸೇರಿ ತಾರಸಿಗೆ ಅವರು ಹಾಕಿದ್ದು ನಾಲ್ಕೂವರೆ ಸಾವಿರ. ಬಡ್ಡಿಯನ್ನು ಅವರು ಕೇಳಲಿಲ್ಲ. ಉಳಿದ ಏಳೂವರೆ ಸಾವಿರವನ್ನು ಮೂರು ಕಂತಿನಲ್ಲಿ ಕೊಟ್ಟರು. ಮುಂಗಡ ಇಪ್ಪತ್ತೈದು ಸಾವಿರವೆಂದು ಬರೆದುಕೊಂಡೆವು. ಖಾಲಿ ಮಾಡುವ ಮಾತು ಸದ್ಯಕ್ಕೆ ನಿಂತಿತು. ಹೋಳಿಗೆ ಮಾತ್ರ ಆ ಯುಗಾದಿಗೆ ಅತ್ತ ಹೋಗಲೂ ಇಲ್ಲ, ಇತ್ತ ಬರಲೂ ಇಲ್ಲ.

ಮುಂಗಡವು ಸಣ್ಣ ಮನೆಯೊಡೆಯನಿಗೆ ಒಂದು ಬಗೆಯ ಸಾಲವೆಂಬುದು ಆಗ ನನಗೆ ಹೊಳೆಯಿತು. ದೊಡ್ಡವರು ಅದನ್ನು ಬ್ಯಾಂಕಿನಲ್ಲಿ ಇಟ್ಟಾರು. ನಮ್ಮಂಥವರಲ್ಲಿ ಅದು ಅಂದೇ ಸಿಮೆಂಟಾಗುತ್ತದೆ, ಶುಲ್ಕವಾಗುತ್ತದೆ. ಹಳೆಯ ಬಾಡಿಗೆದಾರನಿಗೆ ಹಿಂದಿರುಗಿಸಬೇಕಾದರೆ ಹೊಸಬನ ಮುಂಗಡ ಬರಬೇಕು. ಆದ್ದರಿಂದ ಬರುವವನು ಎಂಥವನೆಂದು ವಿಚಾರಿಸುವಷ್ಟು ತಾಳ್ಮೆಯೂ ಇರುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಪ್ರಸಿದ್ಧವಾದುದು. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ರಾಜ್ಯವೊಂದು ಒಪ್ಪಿ ತನ್ನ ಶಾಸನ ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಇದು ಬಾಡಿಗೆದಾರನ ಪಕ್ಷದ ನಿಯಮವೆಂದು ಎಲ್ಲರೂ ಹೇಳುತ್ತಾರೆ. ನನಗೆ ತೋರುವಂತೆ ನನ್ನ ತಂದೆಯಂಥವರಿಗೂ ಅದು ಹಿತವೇ.

ಕರಾರುಪತ್ರ ಹನ್ನೊಂದು ತಿಂಗಳಿಗೇ ಏಕೆಂದು ಹಲವರು ಕೇಳುವುದುಂಟು. ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷಾವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1882ರ ಕಾಯಿದೆಯ 107ನೆಯ ಕಲಮೂ 1908ರ ನೋಂದಣಿ ಕಾಯಿದೆಯೂ ವಿಧಿಸುತ್ತವೆ. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಜನ ಒಂದು ತಿಂಗಳು ಕಡಮೆ ಮಾಡಿಕೊಂಡರು. ಛಾಪಾಕಾಗದದ ಅಂಗಡಿಯಲ್ಲಿ ಸಿಕ್ಕುವ ಸಿದ್ಧ ನಮೂನೆಯಲ್ಲಿ ಬಣ್ಣ, ಮೊಳೆ, ಸಾಕುನಾಯಿ ಎಲ್ಲವೂ ಇವೆ. ತಾರಸಿ ಸೋರಿದರೆ ಯಾರು, ಎಷ್ಟು ದಿನದೊಳಗೆ ಎಂಬುದು ಇರಲಿಲ್ಲ. ಅದನ್ನು ನಾನು ಕೈಯಲ್ಲಿ ಬರೆದು ಸೇರಿಸಿದೆನು. ತಿಳಿಸಿದ ಹದಿನೈದು ದಿನದೊಳಗೆ ಒಡೆಯನು ಬರಬೇಕು. ಬಾರದಿದ್ದರೆ ಬಾಡಿಗೆದಾರನು ಯಾವ ಮೇಸ್ತ್ರಿಯನ್ನಾದರೂ ಕರೆಯಬಹುದು. ಆ ಸಾಲನ್ನು ಓದಿ ಹೇಳಿದಾಗ ತಂದೆಯವರು ಮುಖ ತಿರುಗಿಸಿದರು, ಸಹಿ ಹಾಕಿದರು.

ವಿದ್ಯುತ್ತಿನ ತೊಡಕೊಂದು ಇನ್ನೂ ಇದೆ. ಮೂರು ಮನೆಗೂ ನಮ್ಮಲ್ಲಿ ಒಂದೇ ಮೀಟರು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ, ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ತೆರಬೇಕಾದುದರಿಂದ, ಮೂರು ಸಂಸಾರ ಒಂದೇ ಮೀಟರಿನಲ್ಲಿ ಸೇರಿ ಆ ಗೆರೆಯನ್ನು ದಾಟಿಬಿಡುತ್ತವೆ. ಬೇರೆ ಬೇರೆ ಮೀಟರಿದ್ದರೆ ಬಾಡಿಗೆದಾರರಿಗೂ ಆ ಸೌಲಭ್ಯ ದೊರೆಯುತ್ತಿತ್ತು. ಹಿಂದಿನ ಮನೆಯವರಿಬ್ಬರೂ ಇದನ್ನು ಕೇಳುತ್ತಿದ್ದಾರೆ. ಅವರು ಕೇಳುವುದು ನ್ಯಾಯ. ವೈರಿಂಗಿಗೆ ಹಣ ಕೂಡಿದ ಮೇಲೆ ಅರ್ಜಿ ಹಾಕಬೇಕು.

ಈಗ ರಸೀತಿ ಪುಸ್ತಕವೊಂದು ನಮ್ಮ ಅಡಿಗೆಮನೆಯ ಗೂಡಿನಲ್ಲಿದೆ. ತಿಂಗಳ ಐದನೆಯ ತಾರೀಖು ನಾನು ಬರೆಯುತ್ತೇನೆ, ತಂದೆಯವರು ಸಹಿ ಮಾಡುತ್ತಾರೆ, ತಾಯಿಯವರು ಹರಿದು ಕೊಟ್ಟು ಬರುತ್ತಾರೆ. ಮೊದಲ ತಿಂಗಳು ಅಕ್ಕ ಅದನ್ನು ತೆಗೆದುಕೊಳ್ಳಲು ನಾಚಿದರಂತೆ. ಹೋದ ತಿಂಗಳು ಎರಡು ದಿನ ತಡವಾಯಿತು. ಹೊಲಿಯುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು, 'ಏನಪ್ಪಾ, ಚೀಟಿ ಎಲ್ಲಿ?' ಎಂದು ಕೇಳಿದರು.