ದೇವರ ಮಡುವಿನ ಮೀನುಗಳು

ಸಕಲೇಶಪುರ, ಆಲೂರುಗಳ ಬೆಟ್ಟನಾಡಿನಲ್ಲಿ ಸುರಿಯುವ ಮಳೆ ಎರಡು ದಾರಿಗಳನ್ನು ಹಿಡಿಯುತ್ತದೆ. ಮೂಡಣಕ್ಕೆ ಇಳಿದ ನೀರು ಹೇಮಾವತಿಯೊಡನೆ ಕಾವೇರಿಯನ್ನು ಸೇರುತ್ತದೆ. ಪಡುವಣದ ನೀರು ಕೆಂಪುಹೊಳೆಯಂತಹ ತೊರೆಗಳಾಗಿ ಘಟ್ಟವಿಳಿದು, ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಈ ಎರಡೂ ಕಡೆಯ ನದಿಗಳಲ್ಲಿ ಬಾಳುವ ಹಿರಿಯ ಮೀನಿನ ಕುಲವೇ ಮಹಶೀರ್.

ದೊಡ್ಡ ಹುರುಪೆ, ದಪ್ಪ ತುಟಿಗಳ ಈ ಮೀನಿಗೆ ತಿಳಿಯಾದ, ವೇಗವಾಗಿ ಹರಿಯುವ ನೀರು ಬೇಕು. ಮಳೆಗಾಲದಲ್ಲಿ ಅದು ಪ್ರವಾಹಕ್ಕೆದುರಾಗಿ ಈಜಿ, ನೊರಜುಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಅಣೆಕಟ್ಟು ಅದರ ದಾರಿಯನ್ನು ತಡೆಯುತ್ತದೆ. ಮರಳು ತೆಗೆಯುವುದರಿಂದ ಅದರ ತೊಟ್ಟಿಲೇ ಹಾಳಾಗುತ್ತದೆ. ಬೇಸಗೆಯ ಸಂಕಟ ಇನ್ನೂ ಹೆಚ್ಚಿನದು. ಹೊಳೆ ಬತ್ತಿದಾಗ ಮೀನುಗಳೆಲ್ಲವೂ ಆಳವಾದ ಕೆಲವೇ ಮಡುಗಳಲ್ಲಿ ಗುಂಪುಗೂಡುತ್ತವೆ. ಅಲ್ಲಿ ಒಂದು ಹಿಡಿ ವಿಷ ಅಥವಾ ಒಂದು ಸಿಡಿಮದ್ದು ಬಿದ್ದರೆ ಹಲವು ವರ್ಷಗಳ ಸಂತಾನ ಒಂದೇ ದಿನದಲ್ಲಿ ನಾಶವಾಗುತ್ತದೆ.

ನಮ್ಮ ಹಿರಿಯರು ಇಂತಹ ಮಡುಗಳನ್ನೇ ದೇವರಿಗೆ ಬಿಟ್ಟರು. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿ, ತುಂಗೆಯ ತಟದ ಶೃಂಗೇರಿ, ಘಟ್ಟದ ಕೆಳಗೆ ಕಪಿಲಾ ನದಿಯ ದಡದ ಶಿಶಿಲ, ಇಲ್ಲೆಲ್ಲ ಮೀನು ಹಿಡಿಯುವುದು ನಿಷಿದ್ಧ. ಭಕ್ತಿಯಿಂದ ಹುಟ್ಟಿದ ಈ ಕಟ್ಟಳೆ, ಬೇಸಗೆಯ ಆಶ್ರಯವನ್ನು ಕಾಯುವ ವಿವೇಕವೂ ಆಯಿತು. ಮಡುವಿನಲ್ಲಿ ಉಳಿದ ತಾಯಿಮೀನುಗಳೇ ಮಳೆ ಬಂದಾಗ ಹೊಳೆಯನ್ನು ಮತ್ತೆ ತುಂಬಬಲ್ಲವು.

ಆದರೆ ನಂಬಿಕೆಯೊಂದೇ ಕಾವಲಾಗದು. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದರು. ಶಿಶಿಲೇಶ್ವರ ದೇವಾಲಯದ ಮುಂದೆ ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಶೋಕಿಸಿ ಸುಮ್ಮನಾಗಲಿಲ್ಲ. ಸತ್ತ ಮೀನುಗಳಿಗಾಗಿ ಸ್ಮಾರಕವನ್ನು ನಿಲ್ಲಿಸಿದರು. ಉಳಿದವುಗಳ ರಕ್ಷಣೆಗೆ ಒಟ್ಟಾಗಿ ನಿಂತರು. ಹೊಳೆ ತನ್ನನ್ನು ತಾನೇ ತೊಳೆದುಕೊಂಡಿತು. ಮೀನು ಮತ್ತೆ ಬಂದಿತು. ಇಂದು ಅಲ್ಲಿಗೆ ಹೋದವರು ಮೆಟ್ಟಿಲ ಬಳಿ ಹಿಂಡುಹಿಂಡಾಗಿ ಸುಳಿಯುವ ಮೀನುಗಳನ್ನು ಕಾಣಬಹುದು.

ಮೀನುಮರಿಗಳನ್ನು ಬೇರೆಡೆಯಿಂದ ತಂದು ಬಿಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಕಾವೇರಿಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಬೆನ್ನುಗೂನಿನ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಮಹಶೀರ್ ಆ ನದೀವ್ಯೂಹವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಒಳ್ಳೆಯ ಉದ್ದೇಶದಿಂದಲೇ, ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸಬರು ಹೆಚ್ಚಿದರು, ಮನೆಯವರು ಕ್ಷೀಣಿಸಿದರು. 2018ರಲ್ಲಿ ವಿಜ್ಞಾನಿಗಳು ಆ ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿದರು. ಅದೇ ವರ್ಷ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕುಲ ಉಳಿದಂತಾಗದು. ಆಯಾ ನದಿಯ ಮೀನಿಗೆ ಆಯಾ ನದಿಯೇ ನೆಲೆಯಾಗಬೇಕು.

ಆದುದರಿಂದ ಮೀನನ್ನು ಉಳಿಸುವ ಕೆಲಸವೆಂದರೆ ಹೊಳೆಯನ್ನು ಉಳಿಸುವ ಕೆಲಸವೇ ಆಗಿದೆ. ಮಡುವಿಗೆ ಚೀಲಗಟ್ಟಲೆ ಮಂಡಕ್ಕಿ ಸುರಿದು, ಆ ಪ್ಲಾಸ್ಟಿಕ್ ಚೀಲವನ್ನು ಅಲ್ಲಿಯೇ ಎಸೆದು ಬರುವವನ ಪುಣ್ಯ ಎಷ್ಟರದು? ನೀರು ಕೆಡದಂತೆ, ಮರಳು ಬರಿದಾಗದಂತೆ, ವಿಷ ಬೀಳದಂತೆ ಊರೇ ಎಚ್ಚರವಾಗಿದ್ದರೆ, ಉಳಿದ ಕೆಲಸವನ್ನು ಮಳೆಗಾಲವು ತಾನೇ ಮಾಡುತ್ತದೆ.