ವಿದ್ಯುತ್ ಬಿಲ್ಲಿನ ಲೆಕ್ಕಾಚಾರ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಂತಹ ಗ್ರಾಮದಲ್ಲಿಯೂ ಅಡುಗೆ, ಸ್ನಾನ, ದೀಪಗಳೆಲ್ಲಕ್ಕೂ ವಿದ್ಯುತ್ತನ್ನೇ ನೆಚ್ಚಬಹುದು. ಆದರೆ ಅದರ ಲೆಕ್ಕವನ್ನರಿಯುವುದು ಅವಶ್ಯಕ.

1000 ವ್ಯಾಟಿನ ಉಪಕರಣವು ಒಂದು ಗಂಟೆ ದುಡಿದರೆ ಒಂದು ಯೂನಿಟ್ ವ್ಯಯವಾಗುತ್ತದೆ. 75 ವ್ಯಾಟಿನ ಫ್ಯಾನು ನಿತ್ಯ ಹತ್ತು ಗಂಟೆ ತಿರುಗಿದರೂ ಮೂವತ್ತು ದಿನಗಳಿಗೆ 22.5 ಯೂನಿಟ್. 2000 ವ್ಯಾಟಿನ ಗೀಸರಿಗೆ ದಿನಕ್ಕೆ ಅರ್ಧ ಗಂಟೆಯಂತೆ 30 ಯೂನಿಟ್. 1500 ವ್ಯಾಟಿನ ಇಂಡಕ್ಷನ್ ಒಲೆಯು ನಿತ್ಯ ಎರಡು ಗಂಟೆ ಪೂರ್ಣಶಕ್ತಿಯಲ್ಲಿ ನಡೆದರೆ 90 ಯೂನಿಟ್. ಶಾಖ ನೀಡುವ ಉಪಕರಣಗಳೇ ಹೆಚ್ಚು ಬೇಡುತ್ತವೆಯೆಂಬುದು ಇದರಿಂದ ಸ್ಪಷ್ಟ.

ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟಿಗೆ ನಿಗದಿತ ಶುಲ್ಕವೂ, ಬಳಸಿದ ಯೂನಿಟ್ಟಿಗೆ ಶಕ್ತಿ ಶುಲ್ಕವೂ ಸೇರಿರುತ್ತವೆ. 2024ರ ಏಪ್ರಿಲ್‌ನಿಂದ ಜಾರಿಗೆ ಬರುವಂತೆ ಆಯೋಗವು ಗೃಹಬಳಕೆಯ ಹಂತಗಳನ್ನು ಕೈಬಿಟ್ಟು, ಯೂನಿಟ್ಟಿಗೆ 5.90 ರೂ. ಏಕದರವನ್ನು ಗೊತ್ತುಪಡಿಸಿತು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಂತೆ, 2022-23ರ ಮಾಸಿಕ ಸರಾಸರಿಗೆ ಶೇ. 10 ಸೇರಿಸಿದಷ್ಟು ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಗ್ರಾಹಕನದು. ಅಂದು 80 ಯೂನಿಟ್ ಸರಾಸರಿಯಿದ್ದ ಮನೆಗೆ 88 ಯೂನಿಟ್ ಉಚಿತ. ಆ ಮನೆ 200 ಯೂನಿಟ್ ಬಳಸಿದರೆ, 2024ರ ದರದಲ್ಲಿ 112 ಯೂನಿಟ್ಟಿನ ಶಕ್ತಿ ಶುಲ್ಕ 660.80 ರೂ.; 201 ಆದರೆ 1185.90 ರೂ. ಒಂದೇ ಯೂನಿಟ್ಟಿಗೆ 525 ರೂಪಾಯಿಗೂ ಮಿಗಿಲಾದ ಅಂತರ!

ಆದುದರಿಂದ ಗ್ಯಾಸ್ ಬಿಟ್ಟು ವಿದ್ಯುತ್ ಒಲೆಗೆ ಬರುವ ಕುಟುಂಬವು ಉಳಿಯುವ ಸಿಲಿಂಡರಿನ ಬೆಲೆಯನ್ನೂ ಏರುವ ಬಿಲ್ಲನ್ನೂ ತೂಗಿ ನೋಡಬೇಕು. ತಿಂಗಳ ನಡುವೆ ಮೀಟರನ್ನು ಓದುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದಲ್ಲಿ ಗಣಿತಪಾಠವು ಮನೆಯ ಉಳಿತಾಯವಾಗಿ ಫಲಿಸುವುದು.