ಉಗುರಿಗಿಂತ ಚಿಕ್ಕ ಜರೀಗಿಡದ ಹೆಸರೇನು?

ಮಳೆಗಾಲದಲ್ಲಿ ಆಗುಂಬೆ ಕಡೆ ಟ್ರೆಕ್ ಹೋದವರೆಲ್ಲ ಜರೀಗಿಡ, ಅಂದರೆ ಫರ್ನ್, ನೋಡಿಯೇ ಇರುತ್ತಾರೆ. ಎಲೆ ಮಗುಚಿದರೆ ಕಂದು ಚುಕ್ಕೆಗಳು; ಅವುಗಳೊಳಗೆ ಬೀಜಕಣಗಳು. ಆದರೆ ಬೀಜಕಣ ನೆಲಕ್ಕೆ ಬಿದ್ದ ಕೂಡಲೇ ನಾವು ನೋಡುವ ಗಿಡ ಹುಟ್ಟುವುದಿಲ್ಲ. ಮೊದಲು ಹುಟ್ಟೋದು ಗ್ಯಾಮೀಟೊಫೈಟ್ ಎಂಬ ತೆಳುವಾದ ಹಸಿರು ಸಸ್ಯ. ಸಾಮಾನ್ಯವಾಗಿ ಉಗುರಿಗಿಂತ ಚಿಕ್ಕದು, ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಅದರ ಮೇಲೆ ಗರ್ಭಧಾರಣೆ ಆದಮೇಲೇ ದೊಡ್ಡ ಗಿಡ ಬೆಳೆಯೋದು.

ತೊಂದರೆ ಇರೋದು ಇಲ್ಲೇ. ಬೇರೆ ಬೇರೆ ಪ್ರಭೇದಗಳ ಗ್ಯಾಮೀಟೊಫೈಟ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಬೆಟ್ಟದ ಸಸ್ಯ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಗಿಡಗಳಿಗಷ್ಟೇ ಲೆಕ್ಕ.

ಬಾರ್‌ಕೋಡ್ ಅಂದರೆ ಏನು?

ಅಂಗಡಿಯ ಪೊಟ್ಟಣದ ಮೇಲಿನ ಗೆರೆಗಳ ಹಾಗೆ, ಡಿಎನ್‌ಎಯ ಒಂದು ಚಿಕ್ಕ ತುಣುಕಿನಿಂದ ಪ್ರಭೇದವನ್ನು ಗುರುತಿಸುವುದೇ ಡಿಎನ್‌ಎ ಬಾರ್‌ಕೋಡಿಂಗ್. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಪ್ರಾಣಿಗಳಿಗಾಗಿ ಇದನ್ನು ಮುಂದಿಟ್ಟಿತು. 2009ರಲ್ಲಿ ನೆಲದ ಸಸ್ಯಗಳಿಗೆ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಎರಡು ಕ್ಲೋರೋಪ್ಲಾಸ್ಟ್ ಜೀನ್‌ಗಳನ್ನು ಶಿಫಾರಸು ಮಾಡಲಾಯಿತು. ಜರೀಗಿಡಗಳಲ್ಲಿ ಮ್ಯಾಟ್‌ಕೆಯನ್ನು ಪಿಸಿಆರ್‌ನಲ್ಲಿ ಹೆಚ್ಚಿಸೋದು ಕಷ್ಟ. ಅದಕ್ಕೇ ಆರ್‌ಬಿಸಿಎಲ್ ಜೊತೆಗೆ ಬೇರೊಂದು ತುಣುಕನ್ನು ಬಳಸುವುದುಂಟು.

ಕೆಲಸದ ಕ್ರಮ ಸರಳ. ಎಲೆಯ ಚೂರನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಬೇಕು, ಡಿಎನ್‌ಎ ಬೇರ್ಪಡಿಸಬೇಕು, ಬೇಕಾದ ತುಣುಕನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ಅಕ್ಷರಗಳ ಸಾಲನ್ನು ಓದಬೇಕು. ಸಿಗೋದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಒಂದು ಸ್ಟ್ರಿಂಗ್. ಅದನ್ನು ಹೆಸರು ಗೊತ್ತಿರುವ ಗಿಡಗಳ ಸ್ಟ್ರಿಂಗ್‌ಗಳ ಜೊತೆ ಹೋಲಿಸಬೇಕು. ಸಿಎಸ್ ಗೆಳೆಯರಿಗೆ ಇದು ಹೊಸದೇನಲ್ಲ ಅಲ್ವಾ?

ತಾಹಿತಿ ಬೆಟ್ಟಗಳಲ್ಲಿ ಕಂಡದ್ದು

ಪೆಸಿಫಿಕ್ ಸಾಗರದ ತಾಹಿತಿ ಮತ್ತು ಮೊರಿಯಾ ದ್ವೀಪಗಳಲ್ಲಿ ಜೋಯಲ್ ನಿಟ್ಟಾ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೊದಲು 145 ಪ್ರಭೇದಗಳ ಬಾರ್‌ಕೋಡ್ ಸಂಗ್ರಹ ಕಟ್ಟಿದರು. ಆಮೇಲೆ 200ರಿಂದ 2000 ಮೀಟರ್ ಎತ್ತರದವರೆಗಿನ 25 ತಾಣಗಳಿಂದ ತಂದ 1300ಕ್ಕೂ ಹೆಚ್ಚು ಗ್ಯಾಮೀಟೊಫೈಟ್‌ಗಳಿಗೆ ಹೆಸರು ಹುಡುಕಿದರು.

ದೊಡ್ಡ ಗಿಡಗಳ ಪ್ರಭೇದ ವೈವಿಧ್ಯ ಸುಮಾರು 1000–1200 ಮೀಟರ್‌ನಲ್ಲಿ ಗರಿಷ್ಠವಾಗಿತ್ತು. ಗ್ಯಾಮೀಟೊಫೈಟ್‌ಗಳಲ್ಲಿ ಅಂಥ ಏರಿಳಿತ ಇರಲಿಲ್ಲ. ಕೆಲವು ಪ್ರಭೇದಗಳ ಗ್ಯಾಮೀಟೊಫೈಟ್‌ಗಳು ದೊಡ್ಡ ಗಿಡಗಳಿಗಿಂತ ವಿಶಾಲವಾಗಿ ಹರಡಿದ್ದವು. ಒಂದು ಪ್ರಭೇದದ ಗ್ಯಾಮೀಟೊಫೈಟ್‌ಗಳು ಹೇರಳ, ದೊಡ್ಡ ಗಿಡ ಮಾತ್ರ ತೀರಾ ಅಪರೂಪ!

ಅಂದರೆ, ಗಿಡ ಕಾಣಲಿಲ್ಲ ಅಂದಮಾತ್ರಕ್ಕೆ ಪ್ರಭೇದವೇ ಅಲ್ಲಿಲ್ಲ ಅನ್ನುವ ಹಾಗಿಲ್ಲ. ಭೂಮಿ ಬಿಸಿಯಾಗುತ್ತಿರುವಾಗ ಬೆಟ್ಟದ ಸಸ್ಯಗಳು ಎಲ್ಲಿವೆ, ಎಲ್ಲಿಗೆ ಸರಿಯುತ್ತಿವೆ ಅಂತ ಲೆಕ್ಕ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ.

ಯಂತ್ರಕ್ಕೆ ಹೆಸರು ಗೊತ್ತಿಲ್ಲ

ಮಿತಿಗಳೂ ಇವೆ. ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಜರೀಗಿಡಗಳಲ್ಲಿ ಮಿಶ್ರತಳಿಗಳು ಸಾಕಷ್ಟಿವೆ. ಮಿಶ್ರತಳಿಯ ಬಾರ್‌ಕೋಡ್ ಓದಿದರೆ ತಾಯಿಯ ಹೆಸರು ಸಿಗುತ್ತದೆ, ತಂದೆಯ ಸುಳಿವಿರುವುದಿಲ್ಲ.

ಇನ್ನೊಂದು ಮಾತು. ಸಂಗ್ರಹದಲ್ಲಿ ಹೆಸರು ತಪ್ಪಿದ್ದರೆ ಉತ್ತರವೂ ತಪ್ಪೇ. ಆ 145 ಹೆಸರುಗಳ ಹಿಂದೆ ಬೆಟ್ಟ ಹತ್ತಿ, ಗಿಡ ಒಣಗಿಸಿ, ಎಲೆ-ಚುಕ್ಕೆ ನೋಡಿ ಗುರುತಿಸಿದವರ ಶ್ರಮವಿದೆ. ನಾವು ಎಷ್ಟೇ ಚುರುಕಾದ ಅಲ್ಗಾರಿದಮ್ ಬರೆದರೂ ಡೇಟಾ ಸರಿಯಿರಬೇಕಾದರೆ ಗಿಡ ಬಲ್ಲವರು ಬೇಕೇ ಬೇಕು. ಮುಂದಿನ ಟ್ರೆಕ್‌ನಲ್ಲಿ ಒದ್ದೆ ಬಂಡೆಯ ಮೇಲೆ ಕಾಲಿಡುವ ಮುನ್ನ ಒಮ್ಮೆ ಬಗ್ಗಿ ನೋಡೋಣ. ಪಾಚಿ ಅಂದುಕೊಂಡದ್ದು ಜರೀಗಿಡವೇ ಇರಬಹುದು!